ತೋರುಬೆರಳಿಗೆ ಮೋಡ ಕವಿದದ್ದು

ಹನ್ನೆರಡು ಮಹಡಿಯ ಆ ಆಫೀಸು ಕಟ್ಟಡದಲ್ಲಿ ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಇನ್ನೂರು ಸಲ ಮೇಲೇರಿಯೂ ಜೀವನದಲ್ಲಿ ಒಂದೇ ಒಂದು ಮೆಟ್ಟಿಲು ಮೇಲೇರದ ಮನುಷ್ಯನೊಬ್ಬನಿದ್ದ. ಅವನೇ ಲಿಫ್ಟಣ್ಣ. ತಂದೆತಾಯಿ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಅದು ಹಾಜರಿ ಪುಸ್ತಕದಿಂದ ಹೊರಗೆ ಬಂದು ಗಾಳಿ ಕಂಡದ್ದಿಲ್ಲ.

ಲಿಫ್ಟಿನ ಮೂಲೆಯಲ್ಲಿ ಒಂದು ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಲಿಫ್ಟಣ್ಣ. ಅವನ ಮುಂದೆ ಹನ್ನೆರಡು ಬಟನ್ನು, ಜೊತೆಗೆ ಬಾಗಿಲು ಹಿಡಿದಿಡುವುದಕ್ಕೆ ಇನ್ನೊಂದು. ಹತ್ತಿದವರು ನಂಬರು ಹೇಳುತ್ತಿದ್ದರು, ಇವನ ಬಲಗೈ ತೋರುಬೆರಳು ಒತ್ತುತ್ತಿತ್ತು. ಅಷ್ಟೇ ಸಂಬಂಧ. ಅವನ ಮುಖಕ್ಕೆ ಮೀಸೆ ಇದೆಯೋ ಇಲ್ಲವೋ ಎಂದು ಕೇಳಿದರೆ ಆ ಕಟ್ಟಡದ ಅರ್ಧ ಜನ ತಬ್ಬಿಬ್ಬಾಗುತ್ತಿದ್ದರು. (ಇತ್ತು. ದೊಡ್ಡದೇ ಇತ್ತು.)

ಲಿಫ್ಟಣ್ಣನ ಜ್ಞಾನವೆಲ್ಲ ಆ ಪೆಟ್ಟಿಗೆಯೊಳಗೇ ಸಂಪಾದಿಸಿದ್ದು. ಆದ್ದರಿಂದ ಅದಕ್ಕೊಂದು ದೊಡ್ಡ ದೋಷವಿತ್ತು. ಮಾತು ಮುಗಿಯುವಷ್ಟು ಹೊತ್ತು ಲಿಫ್ಟಿನಲ್ಲಿ ಯಾರೂ ಇರುವುದಿಲ್ಲ. "ಈ ಕೇಸು ಗೆಲ್ಲೋಕೆ ಇರೋದು ಒಂದೇ ದಾರಿ" ಎಂದು ಹೇಳಿ ಮೂರನೇ ಮಹಡಿಯ ವಕೀಲರು ಇಳಿದುಹೋಗುತ್ತಿದ್ದರು. "ಹಲ್ಲು ನೋವು ಬಂದ ತಕ್ಷಣ ಮೊದಲು ಏನು ಮಾಡಬೇಕು ಅಂದ್ರೆ" ಎನ್ನುತ್ತಲೇ ಒಂಬತ್ತನೇ ಮಹಡಿಯ ದಂತವೈದ್ಯರಿಗೆ ಒಂಬತ್ತು ಬಂದುಬಿಡುತ್ತಿತ್ತು. ಹೀಗೆ ಲೋಕದ ಸಕಲ ವಿದ್ಯೆಗಳ ಮೊದಲ ಅರ್ಧ ಲಿಫ್ಟಣ್ಣನಿಗೆ ಕರಗತವಾಗಿತ್ತು. ಉಳಿದರ್ಧವನ್ನು ಅವನು ಸ್ವಂತ ಬುದ್ಧಿಯಿಂದ ತುಂಬಿಕೊಳ್ಳುತ್ತಿದ್ದ. ಅನಾಹುತಗಳೆಲ್ಲ ಆಗುತ್ತಿದ್ದದ್ದು ಆ ಅರ್ಧದಲ್ಲಿ.

ಈ ಅನಾಹುತ ಆದದ್ದು ಒಂದು ಶುಕ್ರವಾರ. ಐದನೇ ಮಹಡಿಯಲ್ಲಿ ಪುಸ್ತಕಗಳ ಮುಖಪುಟಕ್ಕೆ ಚಿತ್ರ ಬರೆಯುವ ಮೇಡಂ ಒಬ್ಬರಿದ್ದರು. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಲಿಫ್ಟು ಹತ್ತಿ, "ಐದು" ಎಂದಷ್ಟೇ ಹೇಳುವವರು. ಅವತ್ತು ಜೊತೆಗಿದ್ದ ಗೆಳತಿಗೆ ತೋರಿಸಲೆಂದು ಬಲಗೈ ಹೊರಗೆ ತೆಗೆದರು. ನಾಲ್ಕು ಉಗುರು ಬರಿದು. ಕಿರುಬೆರಳಿಗೆ ಮಾತ್ರ ಪಾಚಿಯ ಬಣ್ಣ.

"ಕೆಂಪು ಎಲ್ಲರೂ ಹಚ್ತಾರೆ ಕಣೇ," ಎಂದರು ಮೇಡಂ. "ಯಾರೂ ಹಚ್ಚದ ಬಣ್ಣ ಹಚ್ಚಬೇಕು, ಆದರೆ ಡಂಗುರ ಹೊಡೀಬಾರದು. ಒಂದೇ ಉಗುರು, ತೆಳ್ಳಗೆ ಒಂದು ಸಲ. ಬೂದಿ, ಪಾಚಿ, ಮೋಡ, ಇಂಥವು. ಯಾರಿಗೂ ಕಾಣಬಾರದು. ಅಕಸ್ಮಾತ್ ಕಂಡರೆ ಅವರು ಸಾಯಂಕಾಲದವರೆಗೂ ಮರೀಬಾರದು. ಆದರೆ ಹಚ್ಕೊಂಡ ಮೇಲೆ ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡ. ಅದೇನಪ್ಪಾ ಅಂದ್ರೆ..."

ಟಿಂಗ್. ಐದು.

ಬಾಗಿಲು ತೆರೆಯಿತು, ಮೇಡಂ ಇಳಿದರು, ಬಾಗಿಲು ಮುಚ್ಚಿತು. ಲಿಫ್ಟಣ್ಣ ತನ್ನ ತೋರುಬೆರಳನ್ನು ನೋಡಿಕೊಂಡ. ಇಡೀ ಕಟ್ಟಡ ಅವನಲ್ಲಿ ನೋಡುವ ಅಂಗ ಅದೊಂದೇ. ಸಾಯಂಕಾಲದವರೆಗೂ ಮರೆಯಬಾರದಂತೆ! ಅವನನ್ನು ಜನ ಹನ್ನೆರಡನೇ ಮಹಡಿಯವರೆಗೂ ನೆನಪಿಟ್ಟುಕೊಂಡವರಲ್ಲ.

*

ಲಿಫ್ಟಣ್ಣನ ಹೆಂಡತಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್. ಶಿಸ್ತಿಗೆ ಇನ್ನೊಂದು ಹೆಸರು ಎಂದರೆ ಶಿಸ್ತಿಗೇ ಸ್ವಲ್ಪ ಮುಜುಗರವಾದೀತು. ವರ್ಷದ ಮುನ್ನೂರರವತ್ತೈದು ದಿನ ಲೇಸು ಬಿಗಿದ ಕರಿ ಶೂ. ಮನೆಗೆ ಬಂದರೆ ದಪ್ಪ ಕಾಲುಚೀಲ. "ನನಗೆ ಕಾಲು ತಣ್ಣಗಾಗುತ್ತೆ" ಎಂದು ಆರು ವರ್ಷದ ಹಿಂದೆ ಒಮ್ಮೆ ಹೇಳಿದ್ದಳು. ಲಿಫ್ಟಣ್ಣ ನಂಬಿದ್ದ, ಅದು ಅವಳು ಅವನಿಗೆ ಪೂರ್ತಿ ಹೇಳಿ ಮುಗಿಸಿದ ಕೆಲವೇ ವಾಕ್ಯಗಳಲ್ಲಿ ಒಂದು. ಶಾಲೆಯಲ್ಲಿ ಯಾವ ಹುಡುಗಿಯ ಉಗುರಿನಲ್ಲಾದರೂ ಬಣ್ಣ ಕಂಡರೆ ಬಾಟ್ಲಿ ಜಪ್ತಿ, ಜೊತೆಗೆ "ನಾನು ಇನ್ನು ಮುಂದೆ ಉಗುರಿಗೆ ಬಣ್ಣ ಹಚ್ಚುವುದಿಲ್ಲ" ಎಂದು ನೂರು ಸಲ ಬರೆಯುವ ಶಿಕ್ಷೆ.

ಭಾನುವಾರ ಮಧ್ಯಾಹ್ನ ಹೆಡ್‌ಮಿಸ್ ಪೋಷಕರ ಸಭೆಗೆ ಹೋಗಿದ್ದಳು. ಲಿಫ್ಟಣ್ಣ ಅಂಗಿಗೆ ಗುಂಡಿ ಹೊಲಿಯೋಣವೆಂದು ಸೂಜಿದಾರದ ಡಬ್ಬಿ ತೆಗೆದ. ದಾರದ ಉಂಡೆಗಳ ತಳದಲ್ಲಿ ಹಳೇ ಕನ್ನಡಕದ ಪೆಟ್ಟಿಗೆ. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡ ಬಾಟ್ಲಿ. ಸುರಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಮೋಡದ ಬಣ್ಣ: ಅರ್ಧ ಬೂದಿ, ಅರ್ಧ ನೀಲಿ. ತಳದಲ್ಲಿ 'ನಂಬರು ನಲವತ್ತೇಳು, ಹದಿನೈದು ದಿನ ಗ್ಯಾರಂಟಿ' ಎಂಬ ಚೀಟಿ.

'ಯಾವುದೋ ಹುಡುಗಿಯದು, ಪಾಪ' ಎಂದುಕೊಂಡ ಲಿಫ್ಟಣ್ಣ. ಜಪ್ತಿ ಮಾಲು ಅಲ್ಲದೆ ಇನ್ನೇನು? ಬಾಗಿಲಿಗೆ ಚಿಲಕ ಹಾಕಿ, ಕಿಟಕಿಗೆ ಪರದೆ ಎಳೆದು, ಬಲಗೈ ತೋರುಬೆರಳನ್ನು ಮುಂದೆ ಚಾಚಿ, ಎಡಗೈಯಿಂದ ಒಂದು ಸಲ ತೆಳ್ಳಗೆ ಎಳೆದ. ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನು ತನಗಾಗಿ ಆರಿಸಿಕೊಂಡ ಮೊದಲ ಬಣ್ಣ ಅದು. ಸಮವಸ್ತ್ರ ಖಾಕಿ, ಲಿಫ್ಟು ಬೂದಿ, ಮನೆಯ ಗೋಡೆ ಮನೆ ಮಾಲೀಕರ ಇಷ್ಟ.

ಸೋಮವಾರ ಬೆಳಗ್ಗೆ ಸ್ಟೂಲೇರಿ ಕಾದ. ಐದನೇ ಮಹಡಿಯ ಮೇಡಂ ರಜೆ. ಉಳಿದವರೆಲ್ಲ ಬಂದರು, ನಂಬರು ಹೇಳಿದರು, ಇಳಿದರು. ಹನ್ನೊಂದು ಗಂಟೆಯವರೆಗೂ ಯಾರೂ ನೋಡಲಿಲ್ಲ. 'ಕಾಣಬಾರದು ಅಂದಿದ್ದರು, ಕಾಣ್ತಿಲ್ಲ, ಸರಿಯಾಗೇ ಹಚ್ಚಿದೀನಿ' ಎಂದು ಲಿಫ್ಟಣ್ಣ ಸಮಾಧಾನಪಟ್ಟ.

ಹನ್ನೊಂದೂ ಐದಕ್ಕೆ ಆಡಳಿತದ ಸಾಹೇಬರು ಹತ್ತಿದರು. ಅವರ ಕೈಯಲ್ಲಿ ಅಂಟಿನ ಡಬ್ಬಿ ಮತ್ತು ಒಂದು ನೋಟೀಸು. ಸಾಹೇಬರು ಮನೆಯಲ್ಲಿ ನೀರು ಕೇಳುವಾಗಲೂ ಕಡತದ ಭಾಷೆಯನ್ನೇ ಬಳಸುತ್ತಾರೆಂದು ಪ್ರತೀತಿ.

"ಸದರಿ ನೋಟೀಸನ್ನು ಲಿಫ್ಟಿನ ಒಳಗೋಡೆಗೆ ಅಂಟಿಸತಕ್ಕದ್ದು," ಎಂದರು. "ಅಂದಹಾಗೆ, ನಿಮ್ಮ ಮನೆಯವರು ಕಳೆದ ವಾರ ನನ್ನ ಮಗಳ ಕೈಲಿ ನೂರು ಸಲ ಬರೆಸಿದರು. ತಿಳಿ ಗುಲಾಬಿ. ಭೂತಗನ್ನಡಿ ಹಿಡಿದರೆ ಮಾತ್ರ ಕಾಣೋವಂಥದ್ದು."

"ಅವರು ಭೂತಗನ್ನಡಿ ಇಟ್ಕೊಂಡಿದಾರೆ ಸಾರ್," ಎಂದ ಲಿಫ್ಟಣ್ಣ, ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತ.

ಸಾಹೇಬರು ಇಳಿದ ಮೇಲೆ ನೋಟೀಸು ಓದಿದ. ಮುಂದಿನ ಸೋಮವಾರದಿಂದ ಲಿಫ್ಟು ತಾನಾಗಿಯೇ ನಡೆಯುವುದು. ಲಿಫ್ಟು ನಡೆಸುವವರನ್ನು ಬುಧವಾರ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ, ಅರ್ಹರಾದಲ್ಲಿ ಕೆಳಗಿನ ಸ್ವಾಗತ ಕೌಂಟರಿಗೆ ಮೇಲ್ವಿಚಾರಕರಾಗಿ ನೇಮಿಸಲಾಗುವುದು. ಅನರ್ಹರಾದಲ್ಲಿ ಮನೆಗೆ ಕಳುಹಿಸಲಾಗುವುದು. ಸ್ವಾಗತ ಕೌಂಟರು! ಅಲ್ಲಿ ಜನ ನಿಲ್ಲುತ್ತಾರೆ. ಮುಖ ನೋಡುತ್ತಾರೆ. ಮಾತು ಮುಗಿಸಿ ಹೋಗುತ್ತಾರೆ. ಲಿಫ್ಟಣ್ಣನಿಗೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಏನಾದರೊಂದು ಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ನೋಟೀಸನ್ನು ನಾಲ್ಕೂ ಮೂಲೆ ಒತ್ತಿ ಗೋಡೆಗೆ ಅಂಟಿಸಿದ.

ಅಷ್ಟರಲ್ಲಿ ಮೂರನೇ ಮಹಡಿಯ ಟೈಪಿಸ್ಟ್ ಹತ್ತಿ, "ಮೂರು" ಎಂದವಳು ಬೆರಳು ನೋಡಿ ನಿಂತುಬಿಟ್ಟಳು.

"ಅಯ್ಯೋ ಲಿಫ್ಟಣ್ಣ, ನಿಮ್ಮ ಉಗುರು ಯಾಕೆ ಹೀಗಾಗಿದೆ? ನೋಯುತ್ತಾ?"

ಬಣ್ಣ ಎಂದು ಹೇಳಿಬಿಡಬಹುದಿತ್ತು. ಆದರೆ ಆ ಮಾತು ಮೂರನೇ ಮಹಡಿಯಲ್ಲಿ ಇಳಿದರೆ ಸಂಜೆಯೊಳಗೆ ಆಡಳಿತದ ಸಾಹೇಬರಿಗೆ, ಅಲ್ಲಿಂದ ಅವರ ಮಗಳಿಗೆ, ಅಲ್ಲಿಂದ ಇಡೀ ಶಾಲೆಗೆ. ಜಪ್ತಿ ಮಾಡಿದ ಬಣ್ಣವನ್ನು ಹೆಡ್‌ಮಿಸ್ ಗಂಡ ಹಚ್ಚಿಕೊಂಡು ಓಡಾಡುತ್ತಿದ್ದಾನೆ! ಅವಳ ಮರ್ಯಾದೆ ಏನಾಗಬೇಡ?

"ನೋವಿಲ್ಲಮ್ಮ. ಸುಮ್ನೆ... ಹಾಗೇ ಬಂತು," ಎಂದ.

"ಹಾಗೇ ಬಂತಾ!" ಎಂದಳು ಟೈಪಿಸ್ಟ್, ಎರಡು ಹೆಜ್ಜೆ ಹಿಂದೆ ಸರಿದು.

*

ಸಂಜೆ ಮನೆಯ ಮೆಟ್ಟಿಲಲ್ಲಿ ಕೆಳಮನೆಯ ಕಾಂಪೌಂಡರ್ ಅಜ್ಜ ಅಡ್ಡ ಸಿಕ್ಕರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ದಾರಿಯಲ್ಲಿ ಹೋಗುವವರ ನಾಲಿಗೆ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಲಿಫ್ಟಣ್ಣನ ಕೈ ಹಿಡಿದು ಟಾರ್ಚು ಬಿಟ್ಟರು.

"ಹೂಂ," ಎಂದರು. ಟಾರ್ಚು ಆರಿಸಿ ಮತ್ತೆ ಬಿಟ್ಟರು. "ಹೂಂಹೂಂ."

"ಏನಜ್ಜ?"

"ಏನಿಲ್ಲ ಬಿಡಪ್ಪ. ನಾನು ಮೂವತ್ತು ವರ್ಷದಲ್ಲಿ ಇಂಥ ಉಗುರು ಹತ್ತಿಪ್ಪತ್ತು ಜನರದ್ದು ನೋಡಿದೀನಿ."

"ಆಮೇಲೆ ಅವರಿಗೆಲ್ಲ ಏನಾಯ್ತು?"

"ಅದೇ ಗೊತ್ತಿಲ್ಲ. ಒಬ್ಬೊಬ್ಬರನ್ನೂ ಒಂದೊಂದೇ ಸಲ ನೋಡಿದ್ದು."

ಲಿಫ್ಟಣ್ಣ ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಮನೆ ಸೇರಿದ. ಇನ್ನು ಇದು ಹೋಗಲೇಬೇಕು. ಬಚ್ಚಲಲ್ಲಿ ಕೂತು ಸೋಪು ಹಾಕಿ ಉಜ್ಜಿದ. ಪಾತ್ರೆ ತಿಕ್ಕುವ ನಾರು ಹಾಕಿ ಉಜ್ಜಿದ. ಸೀಮೆಎಣ್ಣೆ ಸುರಿದ. ಗ್ಯಾರಂಟಿ ಎಂದರೆ ಗ್ಯಾರಂಟಿಯೇ. ಲಿಫ್ಟಣ್ಣ ಬದುಕಿನಲ್ಲಿ ಕೊಂಡ ಯಾವ ವಸ್ತುವೂ ಇಷ್ಟು ಮಾತು ಉಳಿಸಿಕೊಂಡಿರಲಿಲ್ಲ. ಕೊನೆಗೆ ಶೇವಿಂಗ್ ಬ್ಲೇಡಿನಿಂದ ಕೆರೆದಾಗ ಒಂದು ಮೂಲೆ ಮಾತ್ರ ಎದ್ದು, ಉಗುರು ನಿಜವಾಗಿಯೂ ಕೊಳೆಯತೊಡಗಿದಂತೆ ಕಂಡಿತು. ಆ ಭೀಕರ ದೃಶ್ಯವನ್ನು ನೋಡಲಾರದೆ ಅವನು ಡಬ್ಬಿ ತೆಗೆದು ಇನ್ನೆರಡು ಸಲ ದಪ್ಪಗೆ ಬಳಿದು ಮುಚ್ಚಿಬಿಟ್ಟ. ತೆಳುಮೋಡ ಈಗ ಕಾರ್ಮೋಡವಾಯಿತು.

ಮಂಗಳವಾರ ಬೆಳಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಸುತ್ತಿ ಬಳಸಿ ವಿಷಯಕ್ಕೆ ಬರೋಣವೆಂದು ಬಾಯಿ ತೆರೆದ. ಬಲಗೈ ಮೇಜಿನ ಕೆಳಗಿತ್ತು.

"ಇವಳೇ, ಯಾರಾದ್ರೂ... ಗೊತ್ತಿರೋವರೇ, ಮನೆಯವರೇ ಅಂತಿಟ್ಕೋ... ಕದ್ದುಮುಚ್ಚಿ ಉಗುರಿಗೆ ಬಣ್ಣ ಹಚ್ಕೊಂಡ್ರೆ ಅದು ಭಾರೀ ದೊಡ್ಡ ತಪ್ಪಾ?"

ಹೆಡ್‌ಮಿಸ್ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು. ಮೇಜಿನ ಕೆಳಗೆ ಅವಳ ಕಾಲುಚೀಲದ ಪಾದಗಳು ಸರ್ರನೆ ಕುರ್ಚಿಯಡಿಗೆ ಸರಿದವು.

"ಯಾಕೆ ಕೇಳ್ತಿದೀರಾ?"

"ಸುಮ್ನೆ."

"ಸುಮ್ನೆ ಕೇಳೋ ಮಾತಾ ಇದು? ಏನು ನೋಡಿದ್ರಿ?"

"ನಾನೇನೂ ನೋಡಿಲ್ಲಪ್ಪ! ನೀನೇನಾದ್ರೂ ನೋಡಿದ್ಯಾ?"

"ನಾನ್ಯಾಕೆ ನೋಡಲಿ?"

ಇಬ್ಬರೂ ಚಹಾ ಮುಗಿಸಿದರು. ಒಬ್ಬರು ಇನ್ನೊಬ್ಬರ ಮುಖ ನೋಡಲಿಲ್ಲ. ಲಿಫ್ಟಣ್ಣ ಶರ್ಟು ಹಾಕಿಕೊಳ್ಳುವ ನೆಪದಲ್ಲಿ ಡಬ್ಬಿ ತೆರೆದು ನೋಡಿದ. ದಾರದ ಉಂಡೆಗಳಿದ್ದವು, ಕನ್ನಡಕದ ಪೆಟ್ಟಿಗೆ ಮಾಯವಾಗಿತ್ತು. 'ಮುಗೀತು, ಕಂಡುಹಿಡಿದಳು' ಎಂದುಕೊಂಡ. ಅಡುಗೆಮನೆಯಲ್ಲಿ ಹೆಡ್‌ಮಿಸ್ ಕೂಡ ಪದಕ್ಕೆ ಪದ ಅದನ್ನೇ ಅಂದುಕೊಳ್ಳುತ್ತಿದ್ದಳು ಎಂಬುದು ಅವನಿಗೆ ತಿಳಿಯುವುದಕ್ಕೆ ಇನ್ನೂ ಒಂದು ದಿನ ಬಾಕಿಯಿತ್ತು.

*

ಬುಧವಾರ ಹತ್ತು ಗಂಟೆಗೆ ಎರಡನೇ ಮಹಡಿಯ ವೈದ್ಯರ ಕೋಣೆ. ಒಂದು ಮಂಚ, ಒಂದು ತಕ್ಕಡಿ, ಗೋಡೆಯ ಮೇಲೆ ಕರುಳಿನ ಚಿತ್ರ. ನರ್ಸಮ್ಮ ಫಾರಂ ಹಿಡಿದು ನಿಂತಿದ್ದರು. ಎತ್ತರ ಸರಿ, ತೂಕ ಸರಿ, ಕಣ್ಣು ಸರಿ.

"ಹದಿನಾಲ್ಕನೇ ಕಾಲಂ. ಬಲಗೈ ತೋರುಬೆರಳು ಕೊಡಿ," ಎಂದು ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರ ತೆಗೆದರು. ರಕ್ತದಲ್ಲಿ ಉಸಿರು ಎಷ್ಟಿದೆಯೆಂದು ಬೆಳಕು ಬಿಟ್ಟು ಅಳೆಯುವ ಯಂತ್ರ. ನೂರಕ್ಕೆ ತೊಂಬತ್ತೈದರ ಮೇಲಿದ್ದರೆ ಅರ್ಹ.

"ಎಡಗೈದು ಕೊಡಲಾ ಸಿಸ್ಟರ್? ಅದೂ ಚೆನ್ನಾಗಿದೆ."

"ಫಾರಂನಲ್ಲಿ ಬಲಗೈ ತೋರುಬೆರಳು ಅಂತಿದೆ."

ಯಂತ್ರ ಬೆರಳನ್ನು ಕಚ್ಚಿತು. ಕೆಂಪು ದೀಪ ಮೋಡದ ಮೇಲೆ ಬಿದ್ದು ಒದ್ದಾಡಿತು. ಎಂಬತ್ತೊಂದು.

ನರ್ಸಮ್ಮ ಯಂತ್ರ ಕೊಡವಿ ಮತ್ತೆ ಹಾಕಿದರು. ಎಪ್ಪತ್ತೊಂಬತ್ತು.

"ಡಾಕ್ಟ್ರೇ!"

ಡಾಕ್ಟರು ಬಂದವರೇ ಯಂತ್ರವನ್ನು ತಮ್ಮ ಬಲಗೈ ತೋರುಬೆರಳಿಗೆ ಹಾಕಿ ನೋಡಿದರು. ತೊಂಬತ್ತೆಂಟು. "ಯಂತ್ರ ಸರಿ ಇದೆ. ಅಂದ್ರೆ ಏನರ್ಥ? ಇವರು ಸರಿ ಇಲ್ಲ." ಉಗುರು ನೋಡಿದರು. ಹುಬ್ಬು ಮೇಲೆ ಹೋಯಿತು. "ನೀಲಿ! ಉಸಿರಾಟಕ್ಕೆ ಕಷ್ಟ ಆಗ್ತಿದೆಯಾ?"

"ಇಲ್ಲ ಡಾಕ್ಟ್ರೇ."

"ಎದೆ ನೋವು?"

"ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

"ಅಂದ್ರೆ ಏನರ್ಥ? ಅದೇ ಅತ್ಯಂತ ಅಪಾಯದ ಲಕ್ಷಣ! ಮಲಗಿಸಿ!"

ಲಿಫ್ಟಣ್ಣನನ್ನು ಮಲಗಿಸಿದರು. ಇಲ್ಲಿಯವರೆಗೆ ಅವನು ಉಸಿರಾಡುತ್ತಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಈಗ ಒಂದೊಂದು ಉಸಿರನ್ನೂ ಎಣಿಸತೊಡಗಿದ. ಎಣಿಸಿದಷ್ಟೂ ಅದು ತಪ್ಪತೊಡಗಿತು. 'ನಿಜವಾಗಲೂ ಏನೋ ಆಗಿದೆಯಾ? ಆ ಬಾಟ್ಲಿಯೊಳಗೆ ವಿಷ ಇತ್ತಾ? ಮೇಡಂ ಒಂದು ಕೆಲಸ ಮಾಡಬಾರದು ಅಂದಿದ್ದರಲ್ಲ, ಅದು ಇದೇನಾ?'

ಮೂಗಿನ ಮೇಲೆ ಆಕ್ಸಿಜನ್ ಮುಖವಾಡ ಬಂತು. ಹತ್ತು ನಿಮಿಷ ಬಿಟ್ಟು ಯಂತ್ರ ನೋಡಿದರು. ಎಂಬತ್ತು.

ಡಾಕ್ಟರು ಕುರ್ಚಿಗೆ ಕುಸಿದರು. "ಆಕ್ಸಿಜನ್ ಕೊಟ್ಟರೂ ಏರ್ತಾ ಇಲ್ಲ. ನನ್ನ ಇಡೀ ಅನುಭವದಲ್ಲಿ ಇಂಥದ್ದು ನೋಡಿಲ್ಲ. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಗಾಡಿ ಕಳಿಸಲಿ. ಅಲ್ಲಿ ಗಂಟಲೊಳಗೆ ಕೊಳವೆ ಇಳಿಸ್ತಾರೆ."

ಗಂಟಲೊಳಗೆ ಕೊಳವೆ ಎಂದದ್ದೇ ಲಿಫ್ಟಣ್ಣ ಎಲ್ಲವನ್ನೂ ಒಪ್ಪಿಕೊಂಡುಬಿಡಲು ನಿರ್ಧರಿಸಿದ. ಮರ್ಯಾದೆ ಹೋದರೆ ಹೋಗಲಿ, ಗಂಟಲು ಇರಲಿ. ಮುಖವಾಡದೊಳಗಿಂದ, "ಬಣ್ಣ! ಬಣ್ಣ!" ಎಂದು ಕೂಗಿ ಬೆರಳೆತ್ತಿ ತೋರಿಸಿದ. ತೋರಿಸಿದ ಬೆರಳು ಚಾವಣಿಯ ಕಡೆಗಿತ್ತು.

"ಡಾಕ್ಟ್ರೇ, ಮೇಲೆ ಏನೋ ಬಣ್ಣ ಕಾಣ್ತಿದೆಯಂತೆ ಇವರಿಗೆ," ಎಂದರು ನರ್ಸಮ್ಮ, ಕಣ್ಣು ಒರೆಸಿಕೊಳ್ಳುತ್ತ.

"ಶ್ಶ್! ಮಾತಾಡಿಸಬೇಡಿ, ಇರೋ ಸ್ವಲ್ಪ ಉಸಿರೂ ಖರ್ಚಾಗುತ್ತೆ. ಕೈ ಕಟ್ಟಿ."

ಬಾಗಿಲಲ್ಲಿ ಗಲಾಟೆಯಾಯಿತು. ಆಡಳಿತದ ಸಾಹೇಬರು ಫೈಲು ಹಿಡಿದು ಬಂದರು. ಅವರ ಹಿಂದೆ ಲಿಫ್ಟಣ್ಣನ ಭಾವಮೈದ, ಹೆಡ್‌ಮಿಸ್ ತಮ್ಮ. ಪಕ್ಕದ ಬೀದಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

"ಸದರಿ ನೌಕರರು ಈಗ ಇದ್ದಾರೋ, ಇದ್ದರೋ?" ಎಂದು ಕೇಳಿದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತ. "'ಅನರ್ಹ' ಅಂತ ಬರೆದಿರೋದಕ್ಕೆ ಮನೆಯವರ ಸಹಿ ಬೇಕು."

"ಅಕ್ಕನಿಗೆ ಫೋನ್ ಮಾಡಿದೀನಿ ಸಾರ್, ಬರ್ತಾ ಇದಾಳೆ," ಎಂದ ಭಾವಮೈದ. ಮಂಚದ ಹತ್ತಿರ ಬಂದು ದುಃಖದಿಂದ ಭಾವನನ್ನು ನೋಡಿದ. ಆ ದುಃಖದ ನಡುವೆಯೂ ಬೆಳಕು ಯಾವ ಕಡೆಯಿಂದ ಬೀಳುತ್ತಿದೆಯೆಂದು ಗಮನಿಸಿದ. "ಭಾವ, ನಿಮ್ಮದೊಂದು ಒಳ್ಳೇ ಫೋಟೋ ಇಲ್ಲ. ಮದುವೇಲೂ ಕಣ್ಣು ಮುಚ್ಚಿಬಿಟ್ಟಿದ್ರಿ. ಸಿಸ್ಟರ್, ಆ ಮುಖವಾಡ ಅರ್ಧ ನಿಮಿಷ ಪಕ್ಕಕ್ಕೆ ಸರಿಸ್ತೀರಾ? ಭಾವ, ಗಲ್ಲ ಸ್ವಲ್ಪ ಮೇಲೆ. ನಗಬೇಡಿ, ಗಂಭೀರವಾಗಿರಲಿ, ಗೋಡೆಗೆ ಹಾಕೋದು."

"ಅದು ಬಣ್ಣ ಕಣೋ!" ಎಂದು ಚೀರಿದ ಲಿಫ್ಟಣ್ಣ, ಸರಿದ ಮುಖವಾಡದ ಸಂದಿಯಿಂದ.

"ಬಣ್ಣದ್ದೇ ತೆಗೀತೀನಿ ಭಾವ. ಕಪ್ಪುಬಿಳುಪು ನಾನು ಬಿಟ್ಟು ಎಷ್ಟೋ ವರ್ಷವಾಯ್ತು."

ಮುಖವಾಡ ಮರಳಿ ಕೂತಿತು. ಕೆಳಗೆ ಬೀದಿಯಲ್ಲಿ ಆಸ್ಪತ್ರೆ ಗಾಡಿಯ ಕೂಗು ಹತ್ತಿರವಾಗುತ್ತ ಬಂತು.

*

ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಟಕ್ ಟಕ್ ಎಂದು ಶೂ ಸದ್ದು ಕೇಳಿಸಿತು. ಹೆಡ್‌ಮಿಸ್ ಒಳಗೆ ಬಂದಳು. ಅಭ್ಯಾಸ ಬಲದಿಂದ ಎಲ್ಲರೂ ಎದ್ದು ನಿಂತರು; ಮಲಗಿದ್ದ ಲಿಫ್ಟಣ್ಣನೂ ಏಳಲು ನೋಡಿದ.

ಅವಳು ಯಾರನ್ನೂ ಮಾತಾಡಿಸದೆ ಕಟ್ಟಿಹಾಕಿದ್ದ ಗಂಡನ ಬಲಗೈಯ ಮೇಲೆ ಬಗ್ಗಿದಳು. ಉಗುರು ನೋಡಿದಳು. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದಳು. ಮುಖದ ರಕ್ತ ಮೊದಲು ಇಳಿಯಿತು, ಆಮೇಲೆ ಎರಡು ಪಟ್ಟು ಏರಿತು.

"ಇದು ಕಾಯಿಲೆ ಅಲ್ಲ," ಎಂದಳು. "ಉಗುರು ಬಣ್ಣ."

ಡಾಕ್ಟರು ಕನಿಕರದಿಂದ ತಲೆಯಾಡಿಸಿದರು. "ಮೇಡಂ, ನನಗೂ ಹೆಂಡತಿ ಇದಾಳೆ. ಇಬ್ಬರು ಹೆಣ್ಣುಮಕ್ಕಳಿದಾರೆ. ಉಗುರು ಬಣ್ಣ ಅಂದ್ರೆ ಕೆಂಪು. ಹೆಚ್ಚೆಂದ್ರೆ ಗುಲಾಬಿ. ಈ ಹೆಣದ ಬಣ್ಣವನ್ನ ಯಾರಾದ್ರೂ ಬಾಟ್ಲೀಲಿ ತುಂಬಿ ಮಾರ್ತಾರಾ? ದುಃಖದಲ್ಲಿ ಹೀಗೆಲ್ಲ ಅನ್ನಿಸುತ್ತೆ. ಸಿಸ್ಟರ್, ಅವರ ಸಮಾಧಾನಕ್ಕೆ ಸ್ಪಿರಿಟ್ ಹಾಕಿ ಒರೆಸಿ ತೋರಿಸಿ."

ನರ್ಸಮ್ಮ ಒರೆಸಿದರು. ಹತ್ತಿ ಬೆಳ್ಳಗೇ ಉಳಿಯಿತು.

"ನೋಡಿದ್ರಾ? ಬಣ್ಣ ಆಗಿದ್ರೆ ಹೋಗ್ತಿತ್ತು."

"ಹೋಗಲ್ಲ," ಎಂದಳು ಹೆಡ್‌ಮಿಸ್. "ಅದು ನಲವತ್ತೇಳನೇ ನಂಬರು. ಹದಿನೈದು ದಿನ ಗ್ಯಾರಂಟಿ."

ಆಡಳಿತದ ಸಾಹೇಬರು ಫೈಲು ಮಡಚಿ, ಒಂದು ಹೆಜ್ಜೆ ಮುಂದೆ ಬಂದರು.

"ಸದರಿ ನಂಬರು," ಎಂದರು ಮೆಲ್ಲಗೆ, "ತಮಗೆ ಹೇಗೆ ಗೊತ್ತು?"

ಲಿಫ್ಟಣ್ಣ ಮುಖವಾಡದೊಳಗೆ ಉಸಿರು ಹಿಡಿದ. ಜಪ್ತಿ ಮಾಲು ಅಂತ ಹೇಳಿಬಿಡು ಇವಳೇ, ಕಳ್ಳ ಗಂಡ ಅಂತ ಹೇಳಿಬಿಡು, ನಾನು ಹೇಗೂ ಮಲಗಿದೀನಿ ಎಂದು ಕಣ್ಣಲ್ಲೇ ಬೇಡಿಕೊಂಡ. ಬಾಗಿಲಲ್ಲಿ ಸ್ಟ್ರೆಚರು ಹಿಡಿದ ಇಬ್ಬರು ಬಂದು ನಿಂತರು. "ಯಾರು, ಇವರೇನಾ? ಎತ್ತೋಣ್ವಾ?" ಎಂದ ಒಬ್ಬ, ಕೈ ಉಜ್ಜಿಕೊಂಡು.

ಹೆಡ್‌ಮಿಸ್ ಸ್ಟ್ರೆಚರು ನೋಡಿದಳು. ಗಂಡನನ್ನು ನೋಡಿದಳು. ಸಾಹೇಬರನ್ನು ನೋಡಿದಳು. ಆಮೇಲೆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಬಗ್ಗಿ, ಬಲಗಾಲಿನ ಶೂ ಲೇಸು ಬಿಚ್ಚತೊಡಗಿದಳು.

ಗಂಟು ಬಿಗಿಯಾಗಿತ್ತು. ಕೋಣೆಯ ಏಳೂ ಜೊತೆ ಕಣ್ಣು ಆ ಗಂಟಿನ ಮೇಲಿತ್ತು. ಬಲ ಶೂ ಬಂತು. ಎಡ ಶೂ ಬಂತು. ಒಂದು ಕಾಲುಚೀಲ. ಇನ್ನೊಂದು ಕಾಲುಚೀಲ.

ಹತ್ತು ಬೆರಳು. ಹತ್ತರ ಮೇಲೂ ಒಂದೇ ಸಮನೆ, ಅಂಚು ಮೀರದೆ, ಸುರಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಮೋಡ.

ಸ್ಟ್ರೆಚರಿನವರು ಸ್ಟ್ರೆಚರು ಕೆಳಗಿಟ್ಟರು. ಭಾವಮೈದ ಕ್ಯಾಮೆರಾ ಎತ್ತಿದವನು ಅಕ್ಕನ ಒಂದು ನೋಟಕ್ಕೆ ಅದನ್ನು ಅಂಗಿಯೊಳಗೇ ಇಳಿಸಿಕೊಂಡ. ಡಾಕ್ಟರು ಬಗ್ಗಿ ಪಾದಗಳನ್ನು ನೋಡಿದರು.

"ಹತ್ತೂನಾ?"

"ಹತ್ತೂ."

"ಮೇಡಂ, ನಿಮಗೆ ಉಸಿರಾಟ..."

"ಚೆನ್ನಾಗಿದೆ."

ಡಾಕ್ಟರ ಕೈ ಯಂತ್ರದ ಕಡೆಗೆ ಹೋಯಿತು. "ಫಾರಂನಲ್ಲಿ ಕಾಲು ಇಲ್ಲ ಡಾಕ್ಟ್ರೇ," ಎಂದರು ನರ್ಸಮ್ಮ. ಆಮೇಲೆ ಏನು ತೋಚಿತೋ, ಸೇವೆಗೆ ಸೇರಿದ ಮೇಲೆ ಮೊದಲ ಬಾರಿಗೆ ಫಾರಂ ಮಡಚಿ ಜೇಬಿಗಿಟ್ಟು, ಲಿಫ್ಟಣ್ಣನ ಕಟ್ಟು ಬಿಚ್ಚಿ, ಎಡಗೈ ತೋರುಬೆರಳಿಗೆ ಯಂತ್ರ ಕಚ್ಚಿಸಿದರು.

ತೊಂಬತ್ತೊಂಬತ್ತು.

"ಅಂದ್ರೆ ಏನರ್ಥ?" ಎಂದರು ಡಾಕ್ಟರು. ಈ ಸಲ ಅವರಿಗೇ ಗೊತ್ತಿರಲಿಲ್ಲ.

ಸಾಹೇಬರು ಫೈಲು ಬಿಚ್ಚಿ, ಮೊದಲೇ ಬರೆದಿಟ್ಟಿದ್ದ 'ಅನರ್ಹ' ಎಂಬುದರ 'ನ' ಹೊಡೆದು ಹಾಕಿ, ಷರಾ ಕಾಲಂನಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು: "ಸದರಿ ನೌಕರರು ತಮ್ಮ ಪತ್ನಿಯವರ ಬಣ್ಣವನ್ನು ಪೂರ್ವಾನುಮತಿಯಿಲ್ಲದೆ ತಮ್ಮ ಉಗುರಿಗೆ ಬಳಸಿದ್ದರಿಂದ ಉಸಿರು ಕಡಿಮೆ ಕಂಡಿರುತ್ತದೆ." ಪೆನ್ನು ಮುಚ್ಚಿ ಹೆಡ್‌ಮಿಸ್ ಕಡೆಗೆ ತಿರುಗಿದರು. "ಮೇಡಂ. ನನ್ನ ಮಗಳು ನೂರು ಸಲ ಬರೆದಳು. ಕೈ ಊದಿಕೊಂಡಿತ್ತು."

"ಗೊತ್ತು," ಎಂದಳು ಹೆಡ್‌ಮಿಸ್, ಕಾಲುಚೀಲ ಹಾಕಿಕೊಳ್ಳದೆ. "ನಾಳೆ ಬೆಳಗ್ಗೆ ನಾನು ಬರೆದ ನೂರು ಸಾಲು ಅವಳ ಡೆಸ್ಕಿನ ಮೇಲಿರುತ್ತೆ."

*

ಅಂದು ಶಾಲೆಗೆ ವಾಪಸು ಹೋಗದೆ ಹೆಡ್‌ಮಿಸ್ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಎದುರಿಗೆ ಲಿಫ್ಟಣ್ಣ. ಏಳು ಸಾಲು ಬರೆದವಳು ನಿಲ್ಲಿಸಿ, ಏಳನ್ನೂ ಹೊಡೆದುಹಾಕಿದಳು.

"ಇದು ಸುಳ್ಳು. ನಾನು ಹಚ್ಚೋದು ಬಿಡಲ್ಲ."

ಹೊಸ ಹಾಳೆ ತೆಗೆದು ಬರೆದಳು: 'ನಾನು ಇನ್ನು ಮುಂದೆ ಉಗುರಿನ ಬಣ್ಣಕ್ಕಾಗಿ ಯಾರ ಕೈಲೂ ನೂರು ಸಲ ಬರೆಸುವುದಿಲ್ಲ.' ಒಂದು. ಎರಡು.

"ಯಾವಾಗಿಂದ?" ಎಂದು ಕೇಳಿದ ಲಿಫ್ಟಣ್ಣ, ಮೇಜಿನ ಕೆಳಗೆ ಬಗ್ಗಿ ನೋಡಿ.

"ಹೆಡ್‌ಮಿಸ್ ಆದಾಗಿಂದ. ಬೆಳಗ್ಗೆಯಿಂದ ಸಂಜೆಯವರೆಗೂ ಅಲ್ಲಿ ಹೆಡ್‌ಮಿಸ್ ಒಬ್ಬಳೇ ಇರ್ತಾಳೆ ರೀ. ಶೂ ಒಳಗಾದ್ರೂ ನಾನು ಇರಬೇಡ್ವಾ?" ನಾಲ್ಕು. ಐದು. "ನೀವ್ಯಾಕೆ ಹಚ್ಕೊಂಡ್ರಿ?"

"ಯಾರಾದ್ರೂ ನೋಡಲಿ ಅಂತ."

"ನೋಡಿದ್ರಲ್ಲ ಇವತ್ತು, ಎಲ್ಲರೂ. ಯಂತ್ರ ಬೇರೆ ಹಾಕಿ." ಅವಳು ನಗಬಾರದೆಂದು ಎಷ್ಟು ಬಿಗಿಹಿಡಿದಳೋ, ಆರನೇ ಸಾಲು ಅಷ್ಟು ಸೊಟ್ಟಗಾಯಿತು. "ಅಂಚು ಮೀರಿ ಹಚ್ಚಿದೀರಿ. ಇಲ್ಲಿ ಕೊಡಿ ಕೈ, ಸರಿ ಮಾಡ್ತೀನಿ."

*

ಶನಿವಾರ, ಲಿಫ್ಟಣ್ಣನ ಸ್ಟೂಲಿನ ಕೊನೆಯ ದಿನ, ಐದನೇ ಮಹಡಿಯ ಮೇಡಂ ರಜೆ ಮುಗಿಸಿ ಬಂದರು. ಕೈ ಜೇಬಿನಲ್ಲಿ. "ಐದು."

ಲಿಫ್ಟಣ್ಣ ಒತ್ತಿದ. ಅವರ ಕಣ್ಣು ಅವನ ಬೆರಳ ಮೇಲೆ ಬಿತ್ತು. ಅಂಚು ಮೀರದ ಮೋಡ. ಮೊದಲ ಬಾರಿಗೆ ಅವರು ತಲೆಯೆತ್ತಿ ಅವನ ಮುಖ ನೋಡಿದರು, ಮೀಸೆಯನ್ನೂ ನೋಡಿದರು.

"ಮೇಡಂ, ಹೋದ ವಾರ ನಿಮ್ಮ ಗೆಳತಿಗೆ ಹೇಳ್ತಿದ್ರಿ. ಹಚ್ಕೊಂಡ ಮೇಲೆ ಒಂದು ಕೆಲಸ ಮಾತ್ರ ಮಾಡಬೇಡ ಅಂತ. ಏನದು?"

"ಓ, ಅದಾ? ಅದೇನಂದ್ರೆ..."

ಟಿಂಗ್. ಐದು. ಬಾಗಿಲು ತೆರೆಯಿತು. ಮೇಡಂ ಹೊರಗೆ ಕಾಲಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಲಿಫ್ಟಣ್ಣ ಮಾಡಿದ: ಬಾಗಿಲು ಹಿಡಿದಿಡುವ ಬಟನ್ನಿನ ಮೇಲೆ ಬೆರಳು ಒತ್ತಿ ಅಲ್ಲಾಡದೆ ಕೂತ. "ಮುಗಿಸಿ ಹೋಗಿ ಮೇಡಂ."

"ಲಿಫ್ಟಿನ ಬಟನ್ ಒತ್ತಬಾರದು ಅಂತ," ಎಂದರು ಮೇಡಂ ನಗುತ್ತ. "ಇಲ್ಲಿ ನಿಂತವರಿಗೆ ನೋಡೋಕೆ ಬೇರೇನಿರುತ್ತೆ? ಎಲ್ಲರ ಕಣ್ಣೂ ಆ ಒಂದು ಬೆರಳ ಮೇಲೇ. ಗುಟ್ಟೆಲ್ಲ ರಟ್ಟು. ನೀವು ಒತ್ತೋಕೆ ಇದೀರಿ ಅನ್ನೋ ಧೈರ್ಯದಲ್ಲೇ ಅಲ್ವಾ ನಾನು ಹಚ್ಕೊಂಡು ಓಡಾಡ್ತಿದ್ದದ್ದು?" ನಗು ಥಟ್ಟನೆ ನಿಂತಿತು. "ಅಯ್ಯೋ, ಸೋಮವಾರದಿಂದ ನಾನೇ ಒತ್ತಬೇಕಲ್ಲ! ಏನು ಮಾಡ್ಲಿ?"

"ಎಡಗೈಲಿ ಒತ್ತಿ ಮೇಡಂ," ಎಂದ ಲಿಫ್ಟಣ್ಣ, ಮತ್ತು ಬೆರಳು ತೆಗೆದ.

ಬಾಗಿಲು ಮುಚ್ಚಿತು. ಆ ಲಿಫ್ಟಿನಲ್ಲಿ ಪೂರ್ತಿಯಾಗಿ ಮುಗಿದ ಮಾತು ಅದೊಂದೇ.